ಸಂಕೇತವೇ ಸಿಗದಿದ್ದರೆ ಪ್ರಾಯೋಗಿಕ ವಿಶ್ವವಿಜ್ಞಾನದ ಪಿಎಚ್.ಡಿ. ಏನಾಗುತ್ತದೆ?

ಪ್ರಶ್ನೆ: ಎಂ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು ಭೌತಶಾಸ್ತ್ರ ಎಂ.ಎಸ್ಸಿ.ಯ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಪಿಎಚ್.ಡಿ. ಪ್ರವೇಶದ ಜೆಸ್ಟ್ ಪರೀಕ್ಷೆ ಬರೆದು, ಸಂದರ್ಶನ ಮುಗಿಸಿ, ಖಭೌತ ವಿಜ್ಞಾನದ ಒಂದು ಸಂಶೋಧನಾ ಸಂಸ್ಥೆಗೆ ಆಯ್ಕೆಯಾಗಿದ್ದೇನೆ. ಅಲ್ಲಿ ನನ್ನ ಮುಂದೆ ಎರಡು ಗುಂಪುಗಳಿವೆ. ಒಂದು ಗುಂಪಿನವರು ಗೆಲಾಕ್ಸಿಗಳು ಹುಟ್ಟುವ ಬಗೆಯನ್ನು ಕಂಪ್ಯೂಟರ್‌ನಲ್ಲಿ ಮಾದರಿ ಮಾಡಿ ನೋಡುವವರು. ಇನ್ನೊಂದು ಗುಂಪಿನವರು, ವಿಶ್ವದಲ್ಲಿ ಮೊದಲ ನಕ್ಷತ್ರಗಳು ಬೆಳಗಲು ತೊಡಗಿದ ಕಾಲದ ಹೈಡ್ರೋಜನ್ ಅನಿಲವು ರೇಡಿಯೋ ಹಿನ್ನೆಲೆಯಲ್ಲಿ ಉಳಿಸಿರಬೇಕಾದ ಗುರುತನ್ನು ತಾವೇ ಕಟ್ಟಿದ ಆಂಟೆನಾದಿಂದ ಹುಡುಕುವವರು. ನನ್ನ ಮನಸ್ಸು ಎರಡನೆಯ ಗುಂಪಿನ ಕಡೆಗೇ ವಾಲುತ್ತಿದೆ.

ಆದರೆ ಒಂದು ಅಳುಕು ಬಿಡುತ್ತಿಲ್ಲ. ಆ ಸಂಕೇತವನ್ನು ಇದುವರೆಗೆ ಯಾರೂ ಎಲ್ಲರೂ ಒಪ್ಪುವಂತೆ ಕಂಡುಹಿಡಿದಿಲ್ಲ. ಐದಾರು ವರ್ಷ ದುಡಿದ ಮೇಲೂ ಅದು ಸಿಗದೆ ಹೋದರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ? ಮಹಾಪ್ರಬಂಧದಲ್ಲಿ ಬರೆಯಲು ಏನಿರುತ್ತದೆ? ಮನೆಯವರಿಗೆ ಸಂಶೋಧನೆ ಎಂದರೆ ಏನೆಂದು ವಿವರಿಸುವುದೇ ಕಷ್ಟವಾಗಿರುವಾಗ, ಸಿಗದೇ ಇರಬಹುದಾದ ವಸ್ತುವನ್ನು ಹುಡುಕಲು ಹೋಗುತ್ತೇನೆ ಎಂದು ಹೇಳುವುದು ಇನ್ನೂ ಕಷ್ಟ. ಇಂತಹ ಪ್ರಯೋಗಾಲಯದಲ್ಲಿ ದಿನವೊಂದು ಹೇಗೆ ಕಳೆಯುತ್ತದೆ, ಅಲ್ಲಿ ಕೆಲಸ ಮಾಡಿದವರು ಈ ಅನಿಶ್ಚಯದ ಜೊತೆ ಹೇಗೆ ಬದುಕುತ್ತಾರೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಉತ್ತರ: ರೇಡಿಯೋ ಖಗೋಳ ಉಪಕರಣಗಳ ವಿಭಾಗದಿಂದ ನಿವೃತ್ತನಾದ ಇಂಜಿನಿಯರ್, ಬೆಂಗಳೂರು

ನಿಮ್ಮ ಅಳುಕಿಗೆ ಉತ್ತರವಾಗಬಲ್ಲ ಒಂದು ಪ್ರಯೋಗ ನಿಮ್ಮ ಜಿಲ್ಲೆಯಲ್ಲಿಯೇ ನಡೆದಿದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. 2018ರಲ್ಲಿ ಎಡ್ಜಸ್ ಎಂಬ ಪ್ರಯೋಗದ ಅಮೆರಿಕದ ತಂಡವು, ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್ ಪ್ರದೇಶದಲ್ಲಿ ಇಟ್ಟ ತನ್ನ ಆಂಟೆನಾದ ದತ್ತಾಂಶದಲ್ಲಿ 78 ಮೆಗಾಹರ್ಟ್ಸ್ ಸುತ್ತಮುತ್ತ, ನೀವು ಹೇಳಿದ ಗುರುತಿನಂತೆ, ರೇಡಿಯೋ ಹೊಳಪಿನಲ್ಲಿ ಸುಮಾರು ಅರ್ಧ ಕೆಲ್ವಿನ್ (ಈ ಹೊಳಪನ್ನು ಉಷ್ಣಾಂಶದ ಮಾನದಲ್ಲೇ ಅಳೆಯುತ್ತಾರೆ) ಆಳದ ತಗ್ಗೊಂದು ಕಾಣಿಸಿದೆ ಎಂದು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿತು. ತಟಸ್ಥ ಹೈಡ್ರೋಜನ್‌ನ ರೇಖೆ ಹುಟ್ಟುವುದು 1420 ಮೆಗಾಹರ್ಟ್ಸ್‌ನಲ್ಲಿ. ವಿಶ್ವದ ಹಿಗ್ಗುವಿಕೆಯಿಂದ ಅದರ ಅಲೆಯುದ್ದ ಸುಮಾರು 18 ಪಟ್ಟು ಎಳೆಯಲ್ಪಟ್ಟರೆ ನಮಗೆ 78ರ ಆಸುಪಾಸಿನಲ್ಲಿ ಸಿಗುತ್ತದೆ. ಅಂದರೆ ಅದು ಮಹಾಸ್ಫೋಟದ ನಂತರದ ಸುಮಾರು 18 ಕೋಟಿ ವರ್ಷಗಳ ಸುದ್ದಿ. ಸಾಮಾನ್ಯ ಸಿದ್ಧಾಂತಗಳು ಹೇಳುತ್ತಿದ್ದ ತಗ್ಗಿನ ಆಳ ಹೆಚ್ಚೆಂದರೆ 0.2 ಕೆಲ್ವಿನ್‌ನ ಆಜುಬಾಜು. ಕಂಡದ್ದು ಅದರ ಎರಡು ಪಟ್ಟಿಗಿಂತ ಹೆಚ್ಚು. ಹಾಗಾಗಿ ಆ ಕಾಲದ ಅನಿಲವನ್ನು ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ತಿಳಿದುಬಂದ ದ್ರವ್ಯ) ತಣಿಸಿರಬಹುದೇ ಎಂಬಂತಹ ದೊಡ್ಡ ವಿಚಾರಗಳು ಪ್ರಕಟಣೆಯ ಬೆನ್ನಲ್ಲೇ ಬಂದವು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರ ಸರಸ್-3 ಆಂಟೆನಾ 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿಯೂ ಶರಾವತಿ ಹಿನ್ನೀರಿನಲ್ಲಿಯೂ ತೆಪ್ಪದ ಮೇಲೆ ತೇಲಿತು. ಅದರ ದತ್ತಾಂಶದಲ್ಲಿ ಎಡ್ಜಸ್ ಹೇಳಿದ ಆಕಾರದ ತಗ್ಗು ಇರಲಿಲ್ಲ. ಆ ಆಕಾರವನ್ನು ಶೇಕಡಾ 95.3ರ ವಿಶ್ವಾಸಮಟ್ಟದಲ್ಲಿ ತಳ್ಳಿಹಾಕಿದ ಅವರ ಪ್ರಬಂಧ 2022ರ ಫೆಬ್ರವರಿ 28ರಂದು ನೇಚರ್ ಅಸ್ಟ್ರಾನಮಿಯಲ್ಲಿ ಪ್ರಕಟವಾಯಿತು. ಗಮನಿಸಿ, ಸರಸ್-3 ಆ ಸಂಕೇತವನ್ನು ಕಂಡುಹಿಡಿಯಲಿಲ್ಲ. ಕಂಡಿದೆ ಎಂದು ಹೇಳಿದ್ದು ಆಕಾಶದ್ದಾಗಿರಲಾರದು ಎಂದು ಅದು ತೋರಿಸಿತು, ಮತ್ತು ಈ ಕ್ಷೇತ್ರದಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಚರ್ಚೆಗೊಳಗಾದ ಫಲಿತಾಂಶಗಳಲ್ಲಿ ಅದೂ ಒಂದು.

ಈಗ ನೀರಿನ ಮೇಲೇ ಏಕೆ ಎಂಬುದನ್ನು ಹೇಳಬೇಕು, ಏಕೆಂದರೆ ನಿಮ್ಮ ದಿನಗಳು ಹೇಗಿರುತ್ತವೆ ಎಂಬುದು ಅದರಲ್ಲಿಯೇ ಅಡಗಿದೆ. ಆ ಆವರ್ತನಗಳಲ್ಲಿ ನಮ್ಮ ಆಕಾಶಗಂಗೆಯೇ ಸಾವಿರ ಕೆಲ್ವಿನ್‌ಗೂ ಮೀರಿ ಹೊಳೆಯುತ್ತದೆ. ನೀವು ಹುಡುಕುವುದು ಅದರ ಮೇಲೆ ಕೂತ, ಒಂದು ಕೆಲ್ವಿನ್‌ನ ಹತ್ತರಲ್ಲಿ ಒಂದೆರಡು ಪಾಲಿನಷ್ಟರ ತಗ್ಗನ್ನು. ಆಕಾಶಗಂಗೆಯ ಹೊಳಪು ಆವರ್ತನದೊಂದಿಗೆ ನಯವಾಗಿ ಇಳಿಯುವುದರಿಂದ ಅದನ್ನು ಕಳೆಯಬಹುದು. ಆದರೆ ಆಂಟೆನಾದಲ್ಲಿ, ಕೇಬಲ್‌ನಲ್ಲಿ, ನೆಲದಲ್ಲಿ ಎಲ್ಲೇ ಅಲೆ ಪ್ರತಿಫಲಿಸಿದರೂ ಆ ನಯವಾದ ರೇಖೆಯಲ್ಲಿ ಏರಿಳಿತ ಹುಟ್ಟುತ್ತದೆ. ಹತ್ತು ಮೀಟರ್ ದೂರದ ವಸ್ತುವೊಂದಕ್ಕೆ ತಾಗಿ ಹಿಂದಿರುಗುವ ಅಲೆ 15 ಮೆಗಾಹರ್ಟ್ಸ್ ಅಂತರದ ಏರಿಳಿತವನ್ನು ಉಂಟುಮಾಡುತ್ತದೆ. ಎಡ್ಜಸ್ ತಂಡ ವರದಿ ಮಾಡಿದ ತಗ್ಗಿನ ಅಗಲ ಸುಮಾರು 19 ಮೆಗಾಹರ್ಟ್ಸ್. ಹೀಗಾಗಿ ನೆಲದೊಳಗಿನ ಬಂಡೆಯ ಪದರವೊಂದು ಕೂಡ ಮೊದಲ ನಕ್ಷತ್ರಗಳ ವೇಷ ಹಾಕಿ ಬರಬಲ್ಲದು. ನೆಲದಡಿ ಎಲ್ಲಿ ಏನಿದೆ ಎಂದು ತಿಳಿಯುವುದು ಕಷ್ಟ. ಸಿಹಿನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕವಾದರೋ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) ಸುಮಾರು 80, ಮತ್ತು ಅದು ಎಲ್ಲ ಕಡೆ ಒಂದೇ ತೆರನಾಗಿರುತ್ತದೆ; ಆಂಟೆನಾದ ಕೆಳಗೆ ಏನಿದೆ ಎಂಬುದನ್ನು ಲೆಕ್ಕದಲ್ಲಿ ಖಚಿತವಾಗಿ ಬರೆಯಬಹುದು.

ಪ್ರಯೋಗಾಲಯದ ದಿನಚರಿ ಇದರಿಂದಲೇ ರೂಪುಗೊಳ್ಳುತ್ತದೆ. ಹೊಸದಾಗಿ ಬರುವ ವಿದ್ಯಾರ್ಥಿಗಳು ಆಕಾಶ ನೋಡುವ ಉತ್ಸಾಹದಲ್ಲಿ ಬರುತ್ತಾರೆ, ಆದರೆ ಮೊದಲ ತಿಂಗಳುಗಳಲ್ಲಿ ಅವರು ನೋಡುವುದು ಅಲೆಗಳ ಪ್ರತಿಫಲನವನ್ನು ಅಳೆಯುವ ವೆಕ್ಟರ್ ನೆಟ್‌ವರ್ಕ್ ಅನಲೈಸರ್‌ನ ಪರದೆಯನ್ನು. ಆಂಟೆನಾಕ್ಕೆ ಕೊಟ್ಟ ಶಕ್ತಿಯಲ್ಲಿ ಎಷ್ಟು ಹಿಂದಿರುಗುತ್ತದೆ, ಮೊದಲ ಆಂಪ್ಲಿಫೈಯರ್‌ನಿಂದ ಹೊರಟ ಗದ್ದಲ ಆಂಟೆನಾಕ್ಕೆ ಬಡಿದು ಮತ್ತೆ ಒಳಗೆ ಬರುತ್ತದೆಯೇ, ಕೋಣೆಯ ಉಷ್ಣಾಂಶ ಬದಲಾದರೆ ರಿಸೀವರ್‌ನ ವರ್ಧನೆ ಎಷ್ಟು ಸರಿಯುತ್ತದೆ ಎಂಬ ಮಾಪನಗಳೇ ದಿನವಿಡೀ ನಡೆಯುತ್ತವೆ. ಒಂದು ಕನೆಕ್ಟರ್ ಬಿಗಿ ಮಾಡಿದ ಬಗೆ ಬದಲಾದರೂ ಅದು ದಿನಚರಿ ಪುಸ್ತಕಕ್ಕೆ ಏರಬೇಕು. ಆಂಟೆನಾದ ಲೋಹದ ಭಾಗಗಳನ್ನು ಕೊರೆಯುವ ವರ್ಕ್‌ಶಾಪಿನವರೊಂದಿಗೆ ಕೂತು ರೇಖಾಚಿತ್ರ ತಿದ್ದುವುದನ್ನು ನೀವು ಕಲಿಯಬೇಕಾಗುತ್ತದೆ. ಆ ವರ್ಕ್‌ಶಾಪಿನ ಹಿರಿಯರನ್ನು ಗೌರವದಿಂದ ಕೇಳಿ. ಯಾವ ಬೆಸುಗೆ ಎಷ್ಟು ವರ್ಷ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಪ್ರಬಂಧ ಬರೆಯುವವರಿಗೆ ಗೊತ್ತಿರುವುದಿಲ್ಲ.

ಆಮೇಲೆ ಕ್ಷೇತ್ರಕಾರ್ಯ ಬರುತ್ತದೆ. ಎಫ್‌ಎಂ ಕೇಂದ್ರಗಳು 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಜಾಗವನ್ನು ಹಿಡಿದಿವೆ. ಊರು ದೂರವಿದ್ದರೂ ಮೇಲೆ ಹಾರುವ ವಿಮಾನದ ಮೈಗೆ, ಉರಿದುಬಿದ್ದ ಉಲ್ಕೆಯ ಜಾಡಿಗೆ ತಾಗಿದ ಎಫ್‌ಎಂ ಅಲೆ ನಿಮ್ಮ ಆಂಟೆನಾಕ್ಕೆ ಬಂದೇ ಬರುತ್ತದೆ. ಸರಸ್-3 ವಿಶ್ಲೇಷಿಸಿದ್ದು 55ರಿಂದ 85 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು, ಅಂದರೆ ಎಫ್‌ಎಂಗಿಂತ ಕೆಳಗಿನದನ್ನು. ಚಂದ್ರನ ಹಿಂಬದಿಯಲ್ಲಿ ಭೂಮಿಯ ಈ ಗದ್ದಲವೆಲ್ಲ ಮರೆಯಾಗುವುದರಿಂದಲೇ, ಚಂದ್ರನ ಸುತ್ತ ತಿರುಗುವ ಪ್ರತುಷ್ ಎಂಬ ಉಪಕರಣವನ್ನು ಅದೇ ಸಂಸ್ಥೆಯವರು ಪ್ರಸ್ತಾಪಿಸಿದ್ದಾರೆ. ಆದರೆ ಹೊರಗಿನವರ ಗದ್ದಲಕ್ಕಿಂತ ನಿಮ್ಮದೇ ಪೆಟ್ಟಿಗೆಯ ಗದ್ದಲ ಹೆಚ್ಚು ಕಾಡುತ್ತದೆ. ಸಂಕೇತವನ್ನು ಅಂಕಿಗಳಾಗಿ ಬದಲಿಸುವ ಡಿಜಿಟಲ್ ಉಪಕರಣವೇ ರೇಡಿಯೋ ಅಲೆಗಳನ್ನು ಸೂಸುವುದರಿಂದ ಅದನ್ನು ಲೋಹದ ಕವಚದಲ್ಲಿ ಮುಚ್ಚಿ, ಆಂಟೆನಾದಿಂದ ದೂರ ಇಟ್ಟು, ನಡುವೆ ಆಪ್ಟಿಕಲ್ ಫೈಬರ್ ಎಳೆಯಬೇಕಾಗುತ್ತದೆ.

ರಾತ್ರಿಗಳ ದತ್ತಾಂಶ ಕೈಗೆ ಬಂದ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆ ಬಹಳ ಹಳೆಯದು. 1930ರ ದಶಕದ ಆರಂಭದಲ್ಲಿ ಕಾರ್ಲ್ ಜಾನ್ಸ್ಕಿ 20.5 ಮೆಗಾಹರ್ಟ್ಸ್‌ನಲ್ಲಿ ಕೇಳಿದ ಕರಕರ ಸದ್ದು 24 ಗಂಟೆಗಲ್ಲ, 23 ಗಂಟೆ 56 ನಿಮಿಷಕ್ಕೊಮ್ಮೆ ಮರಳುತ್ತಿತ್ತು. ಅದು ನಕ್ಷತ್ರಗಳ ದಿನ. ಹೀಗೆ ಆಕಾಶಗಂಗೆಯ ರೇಡಿಯೋ ಪತ್ತೆಯಾಯಿತು. ನಿಮ್ಮ ದತ್ತಾಂಶದಲ್ಲಿಯೂ ಅದೇ ಪರೀಕ್ಷೆ ನಡೆಯಬೇಕು. ಊರಿನ ವಿದ್ಯುತ್ ಮತ್ತು ಪಂಪ್‌ಸೆಟ್‌ಗಳಿಂದ ಹುಟ್ಟಿದ್ದು ಗೋಡೆ ಗಡಿಯಾರವನ್ನು ಅನುಸರಿಸುತ್ತದೆ, ಆಕಾಶಗಂಗೆಯದು ನಕ್ಷತ್ರಗಳ ಗಡಿಯಾರವನ್ನು ಅನುಸರಿಸುತ್ತದೆ, ಮೊದಲ ನಕ್ಷತ್ರಗಳ ಸರಾಸರಿ ಸಂಕೇತ ಎಲ್ಲ ದಿಕ್ಕಿನಿಂದಲೂ ಒಂದೇ ಆಗಿರುವುದರಿಂದ ಯಾವ ಗಡಿಯಾರವನ್ನೂ ಅನುಸರಿಸದೆ ಬದಲಾಗದೆ ನಿಲ್ಲಬೇಕು. ಉಪಕರಣದ ದೋಷವೂ ಹಾಗೆಯೇ ಬದಲಾಗದೆ ನಿಲ್ಲುತ್ತದೆ ಎಂಬುದೇ ಈ ಕೆಲಸದ ನಿಜವಾದ ಕಷ್ಟ. ಆ ಎರಡನ್ನು ಬೇರ್ಪಡಿಸುವ ಪ್ರತಿಯೊಂದು ವಿಧಾನವೂ ನಿಮ್ಮ ಮಹಾಪ್ರಬಂಧದ ಅಧ್ಯಾಯವಾಗಬಲ್ಲದು. ಸಂಕೇತ ಸಿಗಲಿ, ಸಿಗದಿರಲಿ, ಆ ಅಧ್ಯಾಯ ನಿಲ್ಲುತ್ತದೆ.

ಉತ್ತರ: ಪಿಎಚ್.ಡಿ. ವಿದ್ಯಾರ್ಥಿ, ಬೆಂಗಳೂರು

ಹಿರಿಯರು ಉಪಕರಣದ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸಬೇಕಾದದ್ದೇನೂ ಇಲ್ಲ. ವಿದ್ಯಾರ್ಥಿಯ ಬದುಕಿನ ಬಗ್ಗೆ ಕೆಲವು ಮಾತುಗಳನ್ನು ಹೇಳುತ್ತೇನೆ.

ಮೊದಲ ವರ್ಷದ ಬಹುಭಾಗ ಕೋರ್ಸ್‌ವರ್ಕ್‌ನಲ್ಲಿ ಹೋಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಜಂಟಿ ಖಗೋಳ ಕಾರ್ಯಕ್ರಮದ ಮಾದರಿಯಲ್ಲಿ, ದ್ರವ ಚಲನಶಾಸ್ತ್ರ, ವಿಕಿರಣ ಪ್ರಕ್ರಿಯೆಗಳು, ಸಾಮಾನ್ಯ ಸಾಪೇಕ್ಷತೆ, ವಿಶ್ವವಿಜ್ಞಾನ ಇವೆಲ್ಲವನ್ನೂ ಎಲ್ಲರೂ ಓದಬೇಕಾಗುತ್ತದೆ, ಮುಂದೆ ಬೆಸುಗೆ ಹಾಕುವ ಕೆಲಸ ಮಾಡುವವರೂ ಕೂಡ. ಇದರಿಂದ ಬಿಡುಗಡೆ ಬೇಡಬೇಡಿ. ಎಡ್ಜಸ್ ತಗ್ಗು ಏಕೆ ಅಷ್ಟು ವಿಚಿತ್ರ ಎಂಬುದು ಅರ್ಥವಾಗಬೇಕಾದರೆ ಹೈಡ್ರೋಜನ್‌ನ ಸ್ಪಿನ್ ಉಷ್ಣಾಂಶ (ಆ ರೇಖೆಯ ಎರಡು ಶಕ್ತಿಮಟ್ಟಗಳಲ್ಲಿ ಪರಮಾಣುಗಳು ಹಂಚಿಕೊಂಡಿರುವ ಬಗೆಯ ಅಳತೆ) ಯಾವಾಗ ಅನಿಲದ ಉಷ್ಣಾಂಶಕ್ಕೆ ಅಂಟಿಕೊಳ್ಳುತ್ತದೆ ಎಂಬುದು ಗೊತ್ತಿರಬೇಕು, ಅದು ತಿಳಿಯುವುದು ತರಗತಿಯಲ್ಲಿಯೇ. ವಿಷಯ ಗೊತ್ತಿಲ್ಲದೆ ಉಪಕರಣ ಕಟ್ಟಿದರೆ ಯಾವ ದೋಷಕ್ಕೆ ಹೆದರಬೇಕು, ಯಾವುದನ್ನು ಬಿಟ್ಟುಬಿಡಬಹುದು ಎಂಬುದೇ ಹೊಳೆಯುವುದಿಲ್ಲ.

ದಿನದ ಆರಂಭ ಬಹುತೇಕರಿಗೆ ಆರ್ಕೈವ್ ಎಂಬ, ಪ್ರಬಂಧಗಳ ಅಂತರಜಾಲ ಭಂಡಾರದಿಂದ. ಹೊಸ ಪ್ರಬಂಧಗಳ ಪಟ್ಟಿ ಅಮೆರಿಕದ ಪೂರ್ವ ತೀರದ ರಾತ್ರಿ ಎಂಟು ಗಂಟೆಗೆ ಹೊರಬೀಳುವುದರಿಂದ, ನಮ್ಮಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ ಅದು ಸಿದ್ಧವಾಗಿರುತ್ತದೆ. ವಿಶ್ವವಿಜ್ಞಾನದ ವಿಭಾಗವನ್ನು ಕಣ್ಣಾಡಿಸಿ, ನಮ್ಮ ಆವರ್ತನಗಳಿಗೆ ಸಂಬಂಧಿಸಿದ ಪ್ರಬಂಧವೇನಾದರೂ ಇದ್ದರೆ ಗುಂಪಿಗೆ ಕಳುಹಿಸುತ್ತೇವೆ. ನಂತರದ ಹಗಲು ಬಹಳ ಮಟ್ಟಿಗೆ ಪೈಥಾನ್ ಮತ್ತು ಲಿನಕ್ಸ್‌ನಲ್ಲಿ ಕಳೆಯುತ್ತದೆ. ಹಾಳಾದ ದತ್ತಾಂಶವನ್ನು ಗುರುತಿಸಿ ತೆಗೆಯುವುದು, ಆಕಾಶದ ಮಾದರಿಯನ್ನು ಆಂಟೆನಾ ಯಾವ ದಿಕ್ಕಿನಿಂದ ಎಷ್ಟು ಗ್ರಹಿಸುತ್ತದೆ ಎಂಬ ನಕ್ಷೆಯೊಂದಿಗೆ ಗುಣಿಸಿ ನೋಡುವುದು, ಸಂಭವನೀಯತೆಯನ್ನು ಆಧರಿಸಿದ ಬೇಯ್ಸ್ ವಿಧಾನದಲ್ಲಿ ಮಾದರಿಗಳನ್ನು ತೂಗುವುದು, ಇಂಥವು. ಒಮ್ಮೊಮ್ಮೆ ವಾರಗಟ್ಟಲೆ ಒಂದೇ ಚಿತ್ರದ ಮುಂದೆ ಕೂರಬೇಕಾಗುತ್ತದೆ. ವಾರದ ಗುಂಪಿನ ಸಭೆಯಲ್ಲಿ ಅದೇ ಚಿತ್ರವನ್ನು ಮತ್ತೆ ತೋರಿಸಲು ನಾಚಬೇಕಾಗಿಲ್ಲ. ಕಳೆದ ಬಾರಿಗಿಂತ ಒಂದು ಸಂಶಯ ಕಡಿಮೆಯಾಗಿದೆ ಎಂದು ತೋರಿಸಿದರೆ ಸಾಕು, ಸಭೆ ಅದನ್ನೇ ಮುನ್ನಡೆ ಎಂದು ಎಣಿಸುತ್ತದೆ.

ಮನೆಯವರ ಪ್ರಶ್ನೆಗೆ ಸಂಬಂಧಿಸಿ ಹೇಳುವುದಾದರೆ, 2023ರ ಜನವರಿಯಿಂದ ಅನ್ವಯವಾಗುವಂತೆ ಕಿರಿಯ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ನಂತರ ಹಿರಿಯ ಫೆಲೋಶಿಪ್ 42,000 ರೂಪಾಯಿ. ಹಾಸ್ಟೆಲ್ ಸಿಕ್ಕರೆ ಬೆಂಗಳೂರಿನಲ್ಲಿ ಇದರಲ್ಲಿ ಬದುಕಿ, ಮನೆಗೂ ಸ್ವಲ್ಪ ಕಳುಹಿಸಬಹುದು. ಹಣ ಪ್ರತಿ ತಿಂಗಳೂ ಸಮಯಕ್ಕೆ ಬರುತ್ತದೆಯೇ ಎಂಬುದನ್ನು ಮಾತ್ರ ಸೇರುವ ಮೊದಲು ಅಲ್ಲಿಯ ವಿದ್ಯಾರ್ಥಿಗಳನ್ನೇ ಕೇಳಿ ತಿಳಿದುಕೊಳ್ಳಿ. ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಇದರಲ್ಲಿ ಬಹಳ ವ್ಯತ್ಯಾಸವಿದೆ.

ಉತ್ತರ: ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ತಾತ್ಕಾಲಿಕ ಹುದ್ದೆಯ ಸಂಶೋಧಕ), ನೆದರ್ಲೆಂಡ್ಸ್ (ಊರು ಧಾರವಾಡ)

ಮೇಲಿನ ಇಬ್ಬರ ಮಾತಿನಲ್ಲಿ ಸತ್ಯವಿದೆ, ಆದರೂ ಚಿತ್ರದ ಇನ್ನೊಂದು ಬದಿಯನ್ನು ನಿಮ್ಮ ಮುಂದಿಡದಿದ್ದರೆ ಅನ್ಯಾಯವಾದೀತು. ಉಪಕರಣ ಕಟ್ಟುವ ಗುಂಪುಗಳಲ್ಲಿ ಪ್ರಬಂಧಗಳು ನಿಧಾನವಾಗಿ ಬರುತ್ತವೆ. ಸಿದ್ಧಾಂತದ ಗುಂಪಿನಲ್ಲಿರುವ ನಿಮ್ಮ ಸಹಪಾಠಿ ಮೂರನೆಯ ವರ್ಷಕ್ಕೆ ಮೂರು ಪ್ರಬಂಧ ಪ್ರಕಟಿಸಿರುವಾಗ, ನೀವು ಇನ್ನೂ ಒಂದು ಆಂಟೆನಾದ ವರ್ತನೆಯನ್ನು ವಿವರಿಸುವ ಮೊದಲ ಪ್ರಬಂಧವನ್ನು ತಿದ್ದುತ್ತಿರಬಹುದು. ಪೋಸ್ಟ್‌ಡಾಕ್ ಅರ್ಜಿಗಳನ್ನು ಓದುವ ಎಲ್ಲರೂ ಈ ವ್ಯತ್ಯಾಸವನ್ನು ಸಹಾನುಭೂತಿಯಿಂದ ನೋಡುವುದಿಲ್ಲ. ಹಿರಿಯ ಇಂಜಿನಿಯರ್ ಸರ್ ಅವರು ಅಧ್ಯಾಯ ನಿಲ್ಲುತ್ತದೆ ಎಂದಿದ್ದಾರೆ. ಮಹಾಪ್ರಬಂಧ ನಿಲ್ಲುತ್ತದೆ, ನಿಜ, ಆದರೆ ಮುಂದಿನ ಕೆಲಸ ಸಿಗುವುದು ಮಹಾಪ್ರಬಂಧದಿಂದ ಮಾತ್ರವಲ್ಲ.

ಸಂಕೇತ ಸಿಗದಿರುವುದಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು, ಸಿಕ್ಕಿದೆ ಅಥವಾ ಇಂತಿಷ್ಟಕ್ಕಿಂತ ಹೆಚ್ಚಿಲ್ಲ ಎಂದು ಬೇಗನೆ ಹೇಳಿಬಿಡುವ ಒತ್ತಡ. ನಾನಿರುವುದು ಆಕಾಶದ ಸರಾಸರಿಯನ್ನಲ್ಲ, ಅದೇ ಹೈಡ್ರೋಜನ್‌ನ ಏರುಪೇರುಗಳನ್ನು ದೊಡ್ಡ ದೂರದರ್ಶಕಗಳಿಂದ ಅಳೆಯುವ ಕ್ಷೇತ್ರದಲ್ಲಿ. ನಮ್ಮ ದೇಶದ್ದೇ ಉದಾಹರಣೆ ಕೊಡುತ್ತೇನೆ. ಪುಣೆಯ ಹತ್ತಿರ ಖೋಡದ್‌ನಲ್ಲಿರುವ, 45 ಮೀಟರ್ ವ್ಯಾಸದ 30 ಡಿಶ್‌ಗಳ ಜಿಎಂಆರ್‌ಟಿ ದೂರದರ್ಶಕದ ದತ್ತಾಂಶವನ್ನು ಬಳಸಿದ ಅಂತರರಾಷ್ಟ್ರೀಯ ತಂಡವೊಂದು 2011ರಲ್ಲಿ ಆ ಏರುಪೇರಿನ ಮೇಲ್ಮಿತಿ 70 ಮಿಲಿಕೆಲ್ವಿನ್ ಎಂದು ಪ್ರಕಟಿಸಿತು. ಆಕಾಶಗಂಗೆಯ ಹೊಳಪನ್ನು ಕಳೆಯುವ ಕ್ರಿಯೆ ಹುಡುಕುತ್ತಿರುವ ಸಂಕೇತವನ್ನೂ ಜೊತೆಯಲ್ಲಿ ಎಷ್ಟು ನುಂಗುತ್ತದೆ ಎಂದು ಅವರೇ ಕೂಲಂಕಷವಾಗಿ ಲೆಕ್ಕ ಹಾಕಿ, 2013ರಲ್ಲಿ ಅದೇ ಮಿತಿಯನ್ನು 248 ಮಿಲಿಕೆಲ್ವಿನ್‌ಗೆ ಸಡಿಲಿಸಿದರು. ದಕ್ಷಿಣ ಆಫ್ರಿಕಾದ ಪೇಪರ್ ಎಂಬ ಆಂಟೆನಾ ಸಮೂಹದ 2015ರ ಬಿಗಿಯಾದ ಮಿತಿಯನ್ನೂ ಇದೇ ಕಾರಣಕ್ಕೆ 2018ರಲ್ಲಿ ಆ ತಂಡದವರೇ ಹಿಂದಕ್ಕೆ ಪಡೆದರು. ನನ್ನ ದೃಷ್ಟಿಯಲ್ಲಿ ಈ ಎರಡೂ ತಂಡಗಳು ಗೌರವಕ್ಕೆ ಅರ್ಹವಾದ ಕೆಲಸ ಮಾಡಿವೆ. ಆದರೆ ಅಂತಹ ತಿದ್ದುಪಡಿಯ ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಯ ಸ್ಥಿತಿಯನ್ನು ಊಹಿಸಿ. ಮಹಾಪ್ರಬಂಧದ ಮುಖ್ಯ ಸಂಖ್ಯೆಯೇ ಬದಲಾದಾಗ ಅವರ ಬೆನ್ನಿಗೆ ನಿಲ್ಲುವ ಮಾರ್ಗದರ್ಶಕರು ಬೇಕು.

ಆದ್ದರಿಂದ ವಿಷಯ ಆರಿಸುವಾಗ ಸಂಕೇತ ಸಿಗುತ್ತದೆಯೇ ಎಂಬುದಕ್ಕಿಂತ, ಈ ಗುಂಪು ತನ್ನನ್ನು ತಾನು ಹೇಗೆ ಪರೀಕ್ಷಿಸಿಕೊಳ್ಳುತ್ತದೆ ಎಂದು ನೋಡಿ. 2010ರ ಸೆಪ್ಟೆಂಬರ್‌ನಲ್ಲಿ ಲೈಗೋ ಮತ್ತು ವರ್ಗೋ ಉಪಕರಣಗಳೊಳಗೆ ಕೆಲವೇ ಜನರಿಗೆ ಗೊತ್ತಿರುವಂತೆ ಒಂದು ಕೃತಕ ಗುರುತ್ವ ಅಲೆಯ ಸಂಕೇತವನ್ನು ತೂರಿಸಲಾಗಿತ್ತು. ನೂರಾರು ಜನ ತಿಂಗಳುಗಟ್ಟಲೆ ಅದನ್ನು ವಿಶ್ಲೇಷಿಸಿ, ಪ್ರಬಂಧವನ್ನೂ ಸಿದ್ಧಪಡಿಸಿದ ಮೇಲೆ, 2011ರ ಮಾರ್ಚ್‌ನಲ್ಲಿ ಅದು ಕೃತಕ ಎಂದು ತಿಳಿಸಲಾಯಿತು. ಆ ಶ್ರಮ ವ್ಯರ್ಥವಾಗಲಿಲ್ಲ. 2015ರಲ್ಲಿ ನಿಜವಾದ ಅಲೆ ಬಂದಾಗ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಸಣ್ಣ ಗುಂಪುಗಳೂ ಇದನ್ನು ಮಾಡಬಹುದು. ವಿಶ್ಲೇಷಣೆ ಮಾಡುವವರಿಗೆ ತಿಳಿಸದೆ ದತ್ತಾಂಶಕ್ಕೆ ಕೃತಕ ತಗ್ಗೊಂದನ್ನು ಸೇರಿಸಿ, ಅದು ಸರಿಯಾಗಿ ಹೊರಬರುತ್ತದೆಯೇ ಎಂದು ನೋಡಲು ದೊಡ್ಡ ಹಣವೇನೂ ಬೇಕಾಗಿಲ್ಲ. ನಿಮ್ಮ ಗುಂಪಿನವರು ಇದನ್ನು ಮಾಡುತ್ತಾರೆಂದರೆ ಧೈರ್ಯವಾಗಿ ಸೇರಿ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಶರಾವತಿ ಹಿನ್ನೀರಿನ ಪ್ರಯೋಗದ ಬಗ್ಗೆ ಇಲ್ಲೇ ಇದ್ದೂ ನನಗೆ ತಿಳಿದಿರಲಿಲ್ಲ. ಪ್ರಬಂಧವನ್ನು ಹುಡುಕಿ ಓದಲು ಆರಂಭಿಸಿದ್ದೇನೆ. ಇನ್ನೆರಡು ವಿಷಯ ಕೇಳಬೇಕಿದೆ. ಕ್ಷೇತ್ರಕಾರ್ಯಕ್ಕೆ ದೂರದ ಊರುಗಳಲ್ಲಿ ರಾತ್ರಿ ಉಳಿಯಬೇಕಾಗುವುದರಿಂದ ಹೆಣ್ಣುಮಕ್ಕಳಿಗೆ ಅವಕಾಶ ಕಡಿಮೆಯಾಗುತ್ತದೆಯೇ? ಮತ್ತು ಪಿಎಚ್.ಡಿ. ನಂತರ ಶೈಕ್ಷಣಿಕ ಕ್ಷೇತ್ರದಲ್ಲಿ ಜಾಗ ಸಿಗದಿದ್ದರೆ ಈ ಕೆಲಸ ಬೇರೆ ಎಲ್ಲಿಯಾದರೂ ನೆರವಿಗೆ ಬರುತ್ತದೆಯೇ?

ಉತ್ತರ: ರೇಡಿಯೋ ಖಗೋಳದಲ್ಲಿ ಪಿಎಚ್.ಡಿ. ಮುಗಿಸಿದ ವಿಜ್ಞಾನಿ, ಮೈಸೂರು

ಮೊದಲ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಅವಕಾಶ ಕಡಿಮೆಯಾಗಬಾರದು; ಕೆಲವು ಗುಂಪುಗಳಲ್ಲಿ ಕಡಿಮೆಯಾಗುತ್ತದೆ, ಮತ್ತು ಅದು ನಿಮಗೆ ಒಳ್ಳೆಯದಾಗಲಿ ಎಂಬ ಮಾತಿನ ಮರೆಯಲ್ಲಿಯೇ ನಡೆಯುತ್ತದೆ. ರಾತ್ರಿಯ ಕೆಲಸ ನಿಮಗೇಕೆ, ನೀವು ವಿಶ್ಲೇಷಣೆ ನೋಡಿಕೊಳ್ಳಿ ಎಂದು ಒಮ್ಮೆ ಒಪ್ಪಿಕೊಂಡರೆ, ಉಪಕರಣವನ್ನು ಮುಟ್ಟಿ ತಿಳಿದ ಜ್ಞಾನ ನಿಮ್ಮಿಂದ ದೂರವಾಗುತ್ತದೆ. ಈ ಕ್ಷೇತ್ರದಲ್ಲಿ ಆ ಜ್ಞಾನವಿಲ್ಲದೆ ವಿಶ್ಲೇಷಣೆಯೂ ಸಾಧ್ಯವಿಲ್ಲ ಎಂಬುದನ್ನು ಇಂಜಿನಿಯರ್ ಸರ್ ವಿವರಿಸಿದ್ದಾರೆ. ನಾನು ವಿದ್ಯಾರ್ಥಿನಿಯಾಗಿದ್ದಾಗ ನನ್ನ ಮಾರ್ಗದರ್ಶಕರು ಕ್ಷೇತ್ರಕಾರ್ಯದ ಪಟ್ಟಿಯಲ್ಲಿ ಎಲ್ಲರ ಹೆಸರನ್ನೂ ಸರದಿಯಂತೆ ಬರೆಯುತ್ತಿದ್ದರು. ಉಳಿದುಕೊಳ್ಳುವ ಕೋಣೆ, ಶೌಚಾಲಯ, ಮರಳುವ ವಾಹನ ಇವುಗಳ ವ್ಯವಸ್ಥೆ ಆಂಟೆನಾ ಸಾಗಣೆಯ ಯೋಜನೆಯಷ್ಟೇ ಮೊದಲೇ ಆಗುತ್ತಿತ್ತು. ಕೆರೆಯ ದಡದಲ್ಲಿ ಬೆಳಗಿನ ಜಾವ ದತ್ತಾಂಶದ ಸಾಲುಗಳು ಪರದೆಯ ಮೇಲೆ ಇಳಿಯುವುದನ್ನು ಕಾಯುತ್ತಾ ಕೂತ ಆ ರಾತ್ರಿಗಳು ನನ್ನ ವಿದ್ಯಾರ್ಥಿ ಜೀವನದ ಅತ್ಯಂತ ಸಂತೋಷದ ಕಾಲ. ಆ ಗುಂಪಿನಲ್ಲಿ ಈಗಿರುವ ಅಥವಾ ಹಿಂದೆ ಇದ್ದ ವಿದ್ಯಾರ್ಥಿನಿಯೊಬ್ಬರೊಂದಿಗೆ ಮಾರ್ಗದರ್ಶಕರ ಗೈರುಹಾಜರಿಯಲ್ಲಿ ಮಾತನಾಡಿ. ಅಂಥವರು ಯಾರೂ ಇಲ್ಲವೆಂದಾದರೆ ಏಕಿಲ್ಲ ಎಂದು ವಿಚಾರಿಸಿ.

ಮಾರ್ಗದರ್ಶಕರನ್ನು ಭೇಟಿಯಾದಾಗ ಇನ್ನೂ ಕೆಲವನ್ನು ಸಂಕೋಚವಿಲ್ಲದೆ ಕೇಳಬೇಕು. ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ ಎಂಬುದು ಒಂದು. ಉಪಕರಣದ ಪ್ರಬಂಧದಲ್ಲಿ ವಿದ್ಯಾರ್ಥಿಗೆ ಮೊದಲ ಲೇಖಕಿಯ ಸ್ಥಾನ ಸಿಗುತ್ತದೆಯೇ ಎಂಬುದು ಇನ್ನೊಂದು, ಏಕೆಂದರೆ ನಾಲ್ಕು ಜನ ಕಟ್ಟಿದ ರಿಸೀವರ್‌ಗೆ ಯಾರ ಹೆಸರು ಮೊದಲು ಬರಬೇಕೆಂಬುದು ಮೊದಲೇ ಮಾತಾಗದಿದ್ದರೆ ಕೊನೆಗೆ ಮನಸ್ತಾಪವಾಗುತ್ತದೆ. ಮಳೆಗಾಲದ ಕಾರಣದಿಂದಲೋ ಅನುಮತಿಯ ಕಾರಣದಿಂದಲೋ ಒಂದು ವರ್ಷದ ಕ್ಷೇತ್ರಕಾರ್ಯ ತಪ್ಪಿಹೋದರೆ ನನ್ನ ಮಹಾಪ್ರಬಂಧ ಹೇಗೆ ಮುಂದುವರಿಯುತ್ತದೆ ಎಂದೂ ಕೇಳಿ. ಒಳ್ಳೆಯ ಮಾರ್ಗದರ್ಶಕರ ಬಳಿ ಇದಕ್ಕೆ ಸಿದ್ಧ ಉತ್ತರವಿರುತ್ತದೆ: ಸಿಮ್ಯುಲೇಶನ್ ಆಧಾರಿತ ಒಂದು ಅಧ್ಯಾಯ, ಹಳೆಯ ದತ್ತಾಂಶದ ಮರುವಿಶ್ಲೇಷಣೆಯ ಒಂದು ಅಧ್ಯಾಯ. ಪೋಸ್ಟ್‌ಡಾಕ್ ಅವರು ಎತ್ತಿದ ಪ್ರಕಟಣೆಯ ಚಿಂತೆಗೂ ಬಹುಮಟ್ಟಿಗೆ ಇದೇ ಪರಿಹಾರ.

ಎರಡನೆಯ ಪ್ರಶ್ನೆಗೆ ಬಂದರೆ, ಕಡಿಮೆ ಗದ್ದಲದ ರಿಸೀವರ್ ಕಟ್ಟಿ, ಅದರ ದೋಷವನ್ನು ಅಳೆದು, ದೊಡ್ಡ ದತ್ತಾಂಶವನ್ನು ಸಂಖ್ಯಾಶಾಸ್ತ್ರದ ಎಚ್ಚರದಿಂದ ಓದಬಲ್ಲವರಿಗೆ ಬೆಂಗಳೂರಿನಲ್ಲಿ ಕೆಲಸಕ್ಕೆ ಬರವಿಲ್ಲ. ಬಾಹ್ಯಾಕಾಶ ಉಪಕರಣಗಳು, ರೇಡಾರ್, ಸಂವಹನ ಎಲ್ಲೆಡೆ ಈ ಕೈಗಳೇ ಬೇಕು. ಖಗೋಳದಲ್ಲಿಯೇ ಉಳಿಯುವ ಆಸೆಯಿದ್ದರೂ ಬಾಗಿಲು ಮುಚ್ಚಿಲ್ಲ. ರಾಮನ್ ಸಂಸ್ಥೆಯಲ್ಲಿ ತಯಾರಾದ, ಎಕ್ಸ್-ಕಿರಣಗಳನ್ನು ಅಳೆಯುವ ಪೋಲಿಕ್ಸ್ ಉಪಕರಣ 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಕಕ್ಷೆಗೆ ಹೋಯಿತು, ಸ್ಕ್ವೇರ್ ಕಿಲೋಮೀಟರ್ ಅರೇ ದೂರದರ್ಶಕದಲ್ಲಿ ಪಾಲ್ಗೊಳ್ಳಲು ಭಾರತ ಸರ್ಕಾರ 1,250 ಕೋಟಿ ರೂಪಾಯಿಗೆ ಒಪ್ಪಿಗೆ ನೀಡಿದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಏಳುತ್ತಿರುವ ಅದರ ಕೆಳ ಆವರ್ತನದ ಭಾಗ ಕೆಲಸ ಮಾಡುವುದು 50ರಿಂದ 350 ಮೆಗಾಹರ್ಟ್ಸ್‌ನಲ್ಲಿ, ಅಂದರೆ ನೀವು ಕಲಿಯಲಿರುವ ಆವರ್ತನಗಳ ನೆರೆಯಲ್ಲಿಯೇ.

ಉತ್ತರ: ನಿವೃತ್ತ ಇಂಜಿನಿಯರ್, ಬೆಂಗಳೂರು

ಪೋಸ್ಟ್‌ಡಾಕ್ ಅವರ ಎಚ್ಚರಿಕೆಯನ್ನು ನಾನು ಒಪ್ಪುತ್ತೇನೆ, ಒಂದು ಸೇರ್ಪಡೆಯೊಂದಿಗೆ. ಪ್ರಬಂಧಗಳ ಸಂಖ್ಯೆ ಎಣಿಸುವ ಆಯ್ಕೆ ಸಮಿತಿಗಳು ಇವೆ, ನಿಜ. ಆದರೆ ಉಪಕರಣ ಕಟ್ಟಬಲ್ಲವರನ್ನು ಹುಡುಕುವ ಸಮಿತಿಗಳಿಗೆ ಅರ್ಜಿಗಳೇ ಕಡಿಮೆ ಬರುತ್ತವೆ. ಎಡ್ಜಸ್ ಫಲಿತಾಂಶದ ಬಗ್ಗೆ 2018ರಲ್ಲಿಯೇ ರಿಚರ್ಡ್ ಹಿಲ್ಸ್ ಮತ್ತು ಸಂಗಡಿಗರು ದತ್ತಾಂಶದ ಮಾದರಿಯ ಮೇಲೆ ಗಂಭೀರ ಆಕ್ಷೇಪ ಎತ್ತಿದ್ದರು. ಆಕ್ಷೇಪವನ್ನು ಲೇಖನಿಯಿಂದ ಎತ್ತಬಹುದು. ಆದರೆ ಅದೇ ಆಕಾಶವನ್ನು ಬೇರೆ ವಿನ್ಯಾಸದ ಆಂಟೆನಾದಿಂದ ಸ್ವತಂತ್ರವಾಗಿ ಅಳೆದು ನೋಡಲು ಪ್ರಪಂಚದಲ್ಲಿ ಬೆರಳೆಣಿಕೆಯ ಗುಂಪುಗಳಿಗೆ ಮಾತ್ರ ಸಾಧ್ಯವಿತ್ತು. ಸಿಗದೇ ಇರಬಹುದಾದದ್ದನ್ನು ಹುಡುಕಲು ಹೋಗುವುದನ್ನು ಮನೆಯಲ್ಲಿ ಹೇಗೆ ಹೇಳುವುದೆಂದು ಕೇಳಿದ್ದೀರಲ್ಲ, ಆ ಅಳತೆಯ ಕಥೆಯನ್ನೇ ಹೇಳಿ. ಶರಾವತಿ ಹಿನ್ನೀರು ಅವರಿಗೂ ಗೊತ್ತಿರುವ ಜಾಗ.

ಸೇರುವುದಕ್ಕೆ ಇನ್ನೂ ಕೆಲವು ತಿಂಗಳಿದ್ದರೆ ಟ್ರಾನ್ಸ್‌ಮಿಷನ್ ಲೈನ್ ಸಿದ್ಧಾಂತವನ್ನು ಮತ್ತೊಮ್ಮೆ ಓದಿ, ಪ್ರತಿಫಲನ ಗುಣಾಂಕದ ಲೆಕ್ಕಗಳನ್ನು ಕೈಯಲ್ಲಿ ಮಾಡಿ. ಪೈಥಾನ್‌ನಲ್ಲಿ ನಯವಾದ ಒಂದು ರೇಖೆಗೆ 0.2 ಕೆಲ್ವಿನ್ ಆಳದ ತಗ್ಗನ್ನೂ, 15 ಮೆಗಾಹರ್ಟ್ಸ್ ಅಂತರದ ಸಣ್ಣ ಏರಿಳಿತವನ್ನೂ, ಸ್ವಲ್ಪ ಗದ್ದಲವನ್ನೂ ಸೇರಿಸಿ, ಬಹುಪದಿಯೊಂದನ್ನು ಹೊಂದಿಸಿ ಕಳೆದು, ತಗ್ಗನ್ನು ಹಿಂದಕ್ಕೆ ಪಡೆಯಲು ಪ್ರಯತ್ನಿಸಿ. ಬಹುಪದಿಯ ಘಾತವನ್ನು ಒಂದೊಂದಾಗಿ ಏರಿಸುತ್ತಾ ಹೋದರೆ, ಯಾವ ಘಾತದಲ್ಲಿ ಅದು ತಗ್ಗನ್ನೇ ನುಂಗಲು ಆರಂಭಿಸುತ್ತದೆ ಎಂಬುದು ನಿಮಗೇ ಕಾಣುತ್ತದೆ. ಅಲ್ಲಿ ಎಲ್ಲಿಯಾದರೂ ಸಿಕ್ಕಿಕೊಂಡರೆ ಇಲ್ಲಿಯೇ ಬರೆಯಿರಿ, ನೋಡೋಣ.